ಚಾಚಾನ ದನಿ ಇದ್ದ ಡಿಸ್ಕುಗಳು

ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ರೆಕಾರ್ಡಿಂಗ್ ಕೋಣೆ ಇದೆ. ಬೋರ್ಡಿನಲ್ಲಿ ಸ್ಟುಡಿಯೋ ಎಂದು ಬರೆಸಿದ್ದೇನೆ. ಯಾರೂ ಹಾಗೆ ಕರೆಯುವುದಿಲ್ಲ, ಮೈಕಿನ ಅಂಗಡಿ ಎನ್ನುತ್ತಾರೆ. ಗೋಡೆಗೆ ಹಳೆಯ ಗಾದಿ ಹೊಡೆದು ಸದ್ದು ತಡೆದ ಎಂಟಡಿ ಜಾಗ, ಒಂದು ಮೈಕು, ಒಂದು ಕಂಪ್ಯೂಟರು. ಇಲ್ಲಿಗೆ ಹಾಡುವವರು ಬರುವುದಿಲ್ಲ. ರಿಕ್ಷಾದ ಮೇಲೆ ಹಾರ್ನ್ ಕಟ್ಟಿ ಊರೂರು ಸುತ್ತುತ್ತಾರಲ್ಲ, ಆ ಪ್ರಚಾರದ ಘೋಷಣೆಗಳನ್ನು ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕಿ ಕೊಡುವುದು ನನ್ನ ಕೆಲಸ. ನಾಳೆ ನಳದಲ್ಲಿ ನೀರು ಬರುವುದಿಲ್ಲ, ನಾಡಿದ್ದು ಕರೆಂಟು ಇರುವುದಿಲ್ಲ, ದನಗಳಿಗೆ ಲಸಿಕೆ, ಕಣ್ಣಿನ ತಪಾಸಣೆ, ಬಟ್ಟೆಗೆ ರಿಯಾಯಿತಿ, ಇಂಥವರು ದೈವಾಧೀನರಾಗಿದ್ದಾರೆ. ಇಷ್ಟೇ ನನ್ನ ಸಂಗೀತ.

ಇಪ್ಪತ್ತು ವರ್ಷ ಈ ಎಲ್ಲಕ್ಕೂ ಒಂದೇ ದನಿ ಇತ್ತು. ಅದು ಚಾಚಾನದು. ಊರಿಗೆಲ್ಲ ಅವರು ಚಾಚಾ, ಹಾಗಾಗಿ ನನಗೂ ಚಾಚಾ. ಅವರ ತಂದೆ ಅರಬೈಲ್ ಘಟ್ಟದಲ್ಲಿ ಲಾರಿ ಓಡಿಸಿದವರು, ಅಣ್ಣತಮ್ಮಂದಿರು ಯಲ್ಲಾಪುರದಲ್ಲಿ ಲಾರಿ ಇಟ್ಟವರು. ಇವರಿಗೆ ಮಾತ್ರ ಮೂರು ಗಾಲಿ ಮತ್ತು ಬಾಯಿ. ಬೆಳಿಗ್ಗೆ ನನ್ನ ಕೋಣೆಯಲ್ಲಿ ಕೂತು ಹೇಳುವುದು, ಆಮೇಲೆ ತಮ್ಮ ದನಿಯನ್ನೇ ತಮ್ಮ ರಿಕ್ಷಾದ ಮೇಲೆ ಹೇರಿಕೊಂಡು ತಿರುಗುವುದು. ಅವರಿಗೆ ಕಾಗದ ಕೊಟ್ಟರೆ ಒಮ್ಮೆ ಕಣ್ಣಾಡಿಸಿ ಮಡಚಿ ಕಿಸೆಗೆ ಹಾಕುತ್ತಿದ್ದರು. ಆಮೇಲೆ ಅದರಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿ ಹೇಳುತ್ತಿದ್ದರು.

ಒಂದೇ ಘೋಷಣೆಯನ್ನು ಎರಡು ಸಲ ಹೇಳುವುದು ಅವರ ಪದ್ಧತಿ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಒಂದು ಸಾಕಲ್ಲವೇ ಎಂದು ಕೇಳಿದೆ.

"ನಿಲ್ಕುಂದದ ಕಡೆ ಬನ್ನಿ ಅನ್ಬೇಕು, ಮಾರಾಯ್ರೆ. ಮುಂಡಗೋಡ ಕಡೆ ಬರ್ರಿ ಅನ್ಬೇಕು. ಅಲ್ಲಿ ಬನ್ನಿ ಅಂದ್ರೆ ಯಾವನೋ ಬ್ಯಾಂಕಿನವ ಬಂದಿದಾನೆ ಅಂತ ಬಾಗಿಲು ಹಾಕ್ಕೊಳ್ತಾರೆ" ಅಂದರು.

ಹಾಗಾಗಿ ನನ್ನ ಕಂಪ್ಯೂಟರಿನಲ್ಲಿ ಅವರ ಹೆಸರಿನಲ್ಲಿ ಎರಡು ಕಡತಕೋಶಗಳಿದ್ದವು. ಒಂದಕ್ಕೆ ಬನ್ನಿ ಎಂದು ಹೆಸರು, ಇನ್ನೊಂದಕ್ಕೆ ಬರ್ರಿ.

ನಾಲ್ಕು ವರ್ಷದ ಹಿಂದೆ ಅವರ ಗಂಟಲು ಕಟ್ಟಿತು. ಬಿಸಿನೀರು, ಜೇನು, ಕಾಳುಮೆಣಸು ಎಂದು ಎರಡು ತಿಂಗಳು ಕಳೆದು ಹುಬ್ಬಳ್ಳಿಗೆ ಹೋದಾಗ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರು. ಜೀವ ಉಳಿಯಿತು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ದನಿ ಹೋಯಿತು. ಊರಿಗೆ ಮರಳಿದ ಮೇಲೆ ಮೊದಲು ಬಂದದ್ದು ನನ್ನ ಅಂಗಡಿಗೆ. ಕಂಕುಳಲ್ಲಿ ಶಾಲೆ ಮಕ್ಕಳ ಸ್ಲೇಟು. ಬೆಂಚಿನ ಮೇಲೆ ಕೂತು ಬರೆದರು: "ಇನ್ನು ನನ್ನ ಬಾಯಿಗೆ ಬೀಗ. ನಿಮ್ಮ ಕಿವಿಗೆ ರಜೆ."

ನನಗೆ ನಗಲಿಕ್ಕೆ ಆಗಲಿಲ್ಲ. ಎದ್ದು ಹೋಗಿ ಚಹಾ ತಂದೆ.

ಅವತ್ತೇ ಹೊಳೆದದ್ದು. ಇಪ್ಪತ್ತು ವರ್ಷ ಹೇಳಿದ್ದೆಲ್ಲ ನನ್ನ ಹತ್ತಿರ ಇದೆ. ಸೋಮವಾರದಿಂದ ಭಾನುವಾರದವರೆಗೆ ಏಳೂ ದಿನ, ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಎಲ್ಲ ಗಂಟೆಗಳು, ನಿಲ್ಕುಂದದಿಂದ ಚಂದಗುಳಿಯವರೆಗೆ ಎಲ್ಲ ಊರುಗಳ ಹೆಸರು. ಕತ್ತರಿಸಿ ಜೋಡಿಸಿದರೆ ಹೊಸ ಘೋಷಣೆ ಆಗುತ್ತದಲ್ಲ. ಚಾಚಾನಿಗೆ ಹೇಳಿದೆ. ಅವರು ನನ್ನ ಮುಖ ನೋಡಿದರು, ಸ್ಲೇಟನ್ನು ಬೆಂಚಿನ ಮೇಲಿಟ್ಟು ಕಂಪ್ಯೂಟರಿನ ಹತ್ತಿರ ಬಂದು ಕೂತರು.

ಮೊದಲನೆಯದು ಚಂದಗುಳಿಯ ಕಣ್ಣಿನ ಶಿಬಿರದ್ದು. ಅರ್ಧ ದಿನ ಹಿಡಿಯಿತು. ಒಂದು ಕಡೆಯಿಂದ ಊರು, ಇನ್ನೊಂದರಿಂದ ವಾರ, ಮತ್ತೊಂದರಿಂದ ಗಂಟೆ. 'ಸಂಜೆ' ಎಂಬ ಶಬ್ದ ಸರ್ಕಸ್ಸಿನ ಘೋಷಣೆಯಿಂದ ಬಂದದ್ದು, ಹಾಗಾಗಿ ಅದೊಂದೇ ಕುಣಿಯುತ್ತಿತ್ತು. ಆದರೂ ಅದು ಚಾಚಾ. ಸ್ಪೀಕರಿನಲ್ಲಿ ಹಾಕಿದೆ. ಅವರು ಎದ್ದು ಬಂದು ಸ್ಪೀಕರಿನ ಜಾಲರಿಯ ಮೇಲೆ ಅಂಗೈ ಇಟ್ಟು ಕೊನೆಯವರೆಗೂ ನಿಂತರು. ಅವರು ಅತ್ತರು, ನಾನೂ ಅತ್ತೆ. ನಾಚಿಕೆಯೇನಿಲ್ಲ ಹೇಳಲು.

ಮರುದಿನ ರಿಕ್ಷಾ ಪೇಟೆಯಲ್ಲಿ ಹೋದಾಗ ಜನ ಅಂಗಡಿಯಿಂದ ಹೊರಗೆ ಬಂದು ನೋಡಿದರು. ಚಾಚಾನಿಗೆ ದನಿ ವಾಪಸ್ ಬಂತಂತೆ ಎಂದು ಮೀನು ಮಾರ್ಕೆಟಿನವರೆಗೂ ಸುದ್ದಿ. ಅವರು ಹ್ಯಾಂಡಲ್ ಹಿಡಿದು ತುಟಿ ಆಡಿಸುತ್ತ ಹೋಗುತ್ತಿದ್ದರು. ದೂರದಿಂದ ನೋಡಿದವರಿಗೆ ಅವರೇ ಹೇಳುತ್ತಿದ್ದಾರೆ ಎನಿಸಬೇಕು.

ಒಂದೂವರೆ ವರ್ಷ ಹಾಗೆ ನಡೆಯಿತು. ಅವರು ಕೇಳುತ್ತಿದ್ದದ್ದು ಒಂದೇ. ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು: "ಎಲ್ಲಾ ಜೋಪಾನ ಇದೆಯಲ್ಲಾ?" ನಾನು ಕಂಪ್ಯೂಟರಿನ ಮೇಲೆ ತಟ್ಟಿ, "ಕಲ್ಲಿನ ಹಾಗೆ ಇದೆ, ಚಾಚಾ" ಎನ್ನುತ್ತಿದ್ದೆ. ಅದನ್ನು ನೆನೆದರೆ ಈಗ ನನ್ನ ಕೈಯನ್ನು ನಾನೇ ಕಡಿದುಕೊಳ್ಳಬೇಕು ಎನಿಸುತ್ತದೆ.

ಆ ಕಂಪ್ಯೂಟರಿನ ಕತೆ ಹೇಳಬೇಕು. ಊರಿನಲ್ಲಿ ಮುಚ್ಚಿಹೋದ ಫೋಟೋ ಸ್ಟುಡಿಯೋದವರು ಬಿಸಾಡಿದ ಮೂರು ಹಳೆಯ ಹಾರ್ಡ್ ಡಿಸ್ಕುಗಳನ್ನು ಹಾಕಿ ನಾನೇ ಕಟ್ಟಿದ್ದು. ಒಳಗೆ ಯಂತ್ರ ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್, ಅದು ಬೇರೊಂದು ಪೆನ್‌ಡ್ರೈವಿನಲ್ಲಿ. ಅದರಲ್ಲೊಂದು ಅನುಕೂಲವಿದೆ. ಬೇರೆ ಬೇರೆ ಡಿಸ್ಕುಗಳನ್ನು ಕೂಡಿಸಿ ಒಂದೇ ದೊಡ್ಡ ಜಾಗದಂತೆ ಬಳಸಬಹುದು. ತುಂಬಿದರೆ ಇನ್ನೊಂದು ಡಿಸ್ಕು ಸೇರಿಸಿ ಜಾಗ ಬೆಳೆಸಬಹುದು. ನಮ್ಮ ಕಡೆಯವರಿಗೆ ಹೇಳಿ ಮಾಡಿಸಿದ್ದು ಅದು. ನಾವು ಮುರಿದ ಕೊಡೆಯ ಕಡ್ಡಿಯನ್ನೂ ಎಸೆಯದೆ ಅಟ್ಟದಲ್ಲಿ ಇಡುವವರು. ಮೂರು ಸ್ಟುಡಿಯೋದ ಡಿಸ್ಕು ಒಂದಾಗಿ ಕೆಲಸ ಮಾಡುವುದನ್ನು ಬಂದವರಿಗೆಲ್ಲ ತೋರಿಸಿ ಎದೆಯುಬ್ಬಿಸುತ್ತಿದ್ದೆ. ಹುಬ್ಬಳ್ಳಿಯ ಅಂಗಡಿಯವರಿಗೆ ಇದು ಗೊತ್ತೇ ಇಲ್ಲ ಎಂದು ಬೇರೆ ಹೇಳುತ್ತಿದ್ದೆ.

ಬ್ಯಾಕಪ್ ಇತ್ತೇ ಎಂದು ಕೇಳುತ್ತೀರಿ. ಇರಲಿಲ್ಲ. ಇರಬಹುದಾಗಿದ್ದದ್ದನ್ನೂ ನಾನೇ ತೊಳೆದೆ. ನಮ್ಮ ದಂಧೆಯಲ್ಲಿ ಪೆನ್‌ಡ್ರೈವನ್ನು ಖಾಲಿ ಮಾಡಿಯೇ ಹಿಂತಿರುಗಿಸುವುದು ಮರ್ಯಾದೆ. ನೆರೆಮನೆಯವರ ಪಾತ್ರೆಯನ್ನು ಎಂಜಲಿನೊಂದಿಗೆ ಕೊಡುವುದಿಲ್ಲವಲ್ಲ, ಹಾಗೆ. ಹಳೆಯ ಘೋಷಣೆ ಉಳಿದಿದ್ದರೆ, ಮುಗಿದುಹೋದ ಶಿಬಿರಕ್ಕೆ ಜನ ಬಂದು ಬೈಯುತ್ತಾರೆ. ಚಾಚಾನ ದನಿ ಜೋಡಿಸುವ ಕೆಲಸ ಶುರುವಾದ ಮೇಲೆ ಯಲ್ಲಾಪುರದ, ಸಿದ್ದಾಪುರದ ಮೈಕ್‌ಸೆಟ್ಟಿನವರು ತಮ್ಮಲ್ಲಿದ್ದ ಅವರ ರೆಕಾರ್ಡಿಂಗುಗಳ ಪೆನ್‌ಡ್ರೈವುಗಳನ್ನು ಚೀಲದಲ್ಲಿ ತುಂಬಿ ಕಳಿಸಿದರು. ಒಂದೊಂದನ್ನೇ ನನ್ನ ಯಂತ್ರಕ್ಕೆ ನಕಲು ಮಾಡಿಕೊಂಡೆ. ಆಮೇಲೆ ಶುಚಿಯಾಗಿ ಅಳಿಸಿ, ರಬ್ಬರ್ ಬ್ಯಾಂಡ್ ಸುತ್ತಿ ಬಸ್ಸಿನಲ್ಲಿ ವಾಪಸ್ ಕಳಿಸಿದೆ. ಯಾರೂ ನನಗೆ ಅಳಿಸು ಎಂದಿರಲಿಲ್ಲ.

ಅಷ್ಟು ನಕಲು ಮಾಡಿದ್ದಕ್ಕೆ ಜಾಗ ಮುಗಿಯಿತು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಯಾವುದೋ ದೊಡ್ಡ ಕಂಪನಿಯ ಸರ್ವರಿನಿಂದ ಕಳಚಿದ ಡಿಸ್ಕು ಸಿಕ್ಕಿತು. ನನ್ನ ಮೂರನ್ನೂ ಸೇರಿಸಿದರೂ ಅದರ ಅರ್ಧಕ್ಕೆ ಬರುವುದಿಲ್ಲ, ಅಷ್ಟು ದೊಡ್ಡದು. ತಂದು ಜೋಡಿಸಿ, ಹಳೆಯ ಮೂರರ ಜೊತೆ ಸೇರಿಸು ಎಂದು ಅಪ್ಪಣೆ ಕೊಟ್ಟೆ. ಲಿನಕ್ಸು ಒಪ್ಪಲಿಲ್ಲ. ಸೆಕ್ಟರುಗಳ ಅಳತೆ ಹೊಂದುವುದಿಲ್ಲ, ಐನೂರ ಹನ್ನೆರಡು ಒಂದು ಕಡೆ, ನಾಲ್ಕು ಸಾವಿರದ ತೊಂಬತ್ತಾರು ಇನ್ನೊಂದು ಕಡೆ ಎಂದು ಒಂದು ಸಾಲು ಬಂತು.

ಸೆಕ್ಟರ್ ಎಂದರೆ ಡಿಸ್ಕು ಒಂದು ಸಲಕ್ಕೆ ಅಳೆದುಕೊಡುವ ಅತಿ ಸಣ್ಣ ಪಾಲು. ಹಳೆಯ ಡಿಸ್ಕುಗಳು ಅಕ್ಕಿ ಅಳೆಯುವ ಸಿದ್ದೆಯಂಥ ಸಣ್ಣ ಮಾಪಿನಲ್ಲಿ ಅಳೆಯುತ್ತವೆ. ಈ ಹೊಸದು ಅದರ ಎಂಟು ಪಟ್ಟಿನ ದೊಡ್ಡ ಅಳತೆಯಲ್ಲಿ ಮಾತ್ರ ಕೊಡುತ್ತದೆ, ತೆಗೆದುಕೊಳ್ಳುತ್ತದೆ. ಎರಡನ್ನೂ ಒಂದೇ ಜಾಗವಾಗಿ ಕೂಡಿಸಿದರೆ ಇಡೀ ಜಾಗಕ್ಕೆ ದೊಡ್ಡ ಅಳತೆಯೇ ಕಾನೂನಾಗುತ್ತದೆ. ಸಣ್ಣ ಅಳತೆಯಲ್ಲಿ ಇಟ್ಟ ಕಡತಗಳನ್ನು ಆಮೇಲೆ ತೆರೆಯಲಿಕ್ಕೆ ಬರುವುದಿಲ್ಲ. ಇದೆಲ್ಲ ಈಗ ನನಗೆ ಬಾಯಿಪಾಠ. ಅವತ್ತು ಗೊತ್ತಿದ್ದದ್ದು ಒಂದೇ: ಯಂತ್ರ ಬೇಡ ಎಂದಿತು, ನನಗೆ ಬೇಕಾಗಿತ್ತು.

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅಳತೆ ಬೇರೆಯಾದರೂ ಬೆರೆಸಲು ಬಿಡು ಎನ್ನುವ ಒಂದು ಆಯ್ಕೆ ಇತ್ತು. ಸೊನ್ನೆ ಇದ್ದಲ್ಲಿ ಒಂದು ಎಂದು ಬರೆದರೆ ಮುಗಿಯಿತು. ಕೆಳಗೆ ಎಚ್ಚರಿಕೆಯೂ ಇತ್ತು, ಓದಿದೆ. ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ಅವಳಿಗೆ ಪರದೆಯ ಮೇಲಿನದನ್ನು ಓದಿ ಹೇಳಿದ್ದೂ ನಾನೇ, ಜಂಭಕ್ಕೆ.

"ಅದು ಬೇಡ ಹೇಳಿ ಹೇಳ್ತಾ ಇದ್ದಲಾ, ಎಂತಕ್ಕೆ ಒತ್ತಾಯ ಮಾಡ್ತ್ರಿ?" ಎಂದಳು.

"ನಿಂಗೆ ಗೊತ್ತಾಗ್ತಿಲ್ಲೆ. ಇಂಥದ್ದಕ್ಕೆಲ್ಲ ಆನು ಹೆದರ್ತ್ನಿಲ್ಲೆ" ಎಂದೆ.

ಒಂದು ಎಂದು ಬರೆದೆ. ಸೇರಿತು. ಜಾಗ ಬೆಳೆಯಿತು. ಘೋಷಣೆಗಳು ಮೊದಲಿನಂತೆ ಓಡಿದವು. ಎಂಟು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯಿತು, ರಾತ್ರಿಯೂ ಆರಿಸದೆ ಇಟ್ಟಿದ್ದ ಯಂತ್ರ ಆ ಡಿಸ್ಕು ಸೇರಿದ ಮೇಲೆ ಮೊದಲ ಸಲ ಆರಿತು. ಕರೆಂಟು ಬಂದ ಮೇಲೆ ಯಂತ್ರ ಶುರುವಾಯಿತು, ಆದರೆ ಚಾಚಾನ ಕಡತಗಳಿದ್ದ ಜಾಗ ತೆರೆಯಲಿಲ್ಲ. ಇದು ಸಾಧ್ಯವಿಲ್ಲ ಎಂಬರ್ಥದ ಒಂದು ಮಾತು ಬಂತು. ಏಕೆ ಎಂದು ಹೇಳಲಿಲ್ಲ. ಇನ್ನೊಮ್ಮೆ ಮಾಡಿದೆ, ಅದೇ. ದುರಸ್ತಿಯ ಆಜ್ಞೆ ಕೊಟ್ಟೆ, ಅದೂ ಮುಖ ತಿರುಗಿಸಿತು. ಎಂಟು ದಿನದ ಹಿಂದೆ ಓದಿದ ಎಚ್ಚರಿಕೆ ನೆನಪಾಗಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ಎಂಟು ದಿನ ಸರಿಯಾಗಿ ನಡೆದಿತ್ತಲ್ಲ, ಹಾಗಾಗಿ ಕಾರಣ ಅದಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟೆ. ಸಿಡಿಲು-ಗಾಳಿಗೆ ಡಿಸ್ಕು ಸುಟ್ಟಿದೆ, ಅಥವಾ ಹುಬ್ಬಳ್ಳಿಯವ ಕೆಟ್ಟ ಮಾಲು ಕೊಟ್ಟಿದ್ದಾನೆ. ಬೇರೆಯವರ ತಪ್ಪಾಗಿದ್ದರೆ ನನಗೆ ಸಮಾಧಾನ.

ಎರಡು ದಿನ ಒದ್ದಾಡಿದೆ. ಯಾರನ್ನಾದರೂ ಕೇಳಬಹುದಿತ್ತು. ಊರಿಗೆಲ್ಲ ಲಿನಕ್ಸಿನ ಪಾಠ ಹೇಳಿದವನು ಯಾರನ್ನು ಕೇಳುವುದು? ಮೂರನೆಯ ದಿನ, ಹೇಗೂ ಹೋಗಿದೆ ಎಂದು ನಿರ್ಧರಿಸಿದೆ. ನಮ್ಮಲ್ಲಿ ಹೋಯ್ತು ಎನ್ನಲು ಬಹಳ ಹೊತ್ತು ಬೇಕಾಗುವುದಿಲ್ಲ. ಬಾಳೆಗಿಡ ವಾಲಿದರೂ ಹೋಯ್ತು, ಗಾಡಿ ಶುರುವಾಗದಿದ್ದರೂ ಹೋಯ್ತು. ಇನ್ನು ಕೆಟ್ಟ ಡಿಸ್ಕು ಯಾವುದು ಎಂದಾದರೂ ಪತ್ತೆ ಮಾಡಿ ಹುಬ್ಬಳ್ಳಿಯವನ ಮುಖಕ್ಕೆ ಹಿಡಿಯೋಣ ಎಂದು ನಾಲ್ಕೂ ಡಿಸ್ಕುಗಳಿಗೆ ಪರೀಕ್ಷೆ ಹಚ್ಚಿದೆ. ಪರೀಕ್ಷೆಯಲ್ಲಿ ಎರಡು ಬಗೆ. ಒಂದು ಬರೇ ಓದಿ ನೋಡುವುದು. ಇನ್ನೊಂದು ಪ್ರತಿ ಸೆಕ್ಟರಿನ ಮೇಲೂ ಬರೆದು, ಬರೆದದ್ದನ್ನು ಓದಿ ನೋಡುವುದು. ಎರಡನೆಯದು ಒಳಗಿರುವುದನ್ನೆಲ್ಲ ಅಳಿಸುತ್ತದೆ, ಆದರೆ ಪಕ್ಕಾ. ನಾನು ಪಕ್ಕಾ ಮನುಷ್ಯ. ಎರಡನೆಯದನ್ನೇ ಹಚ್ಚಿದೆ.

ದಿನಗಟ್ಟಲೆ ಓಡಿತು. ಫಲಿತಾಂಶ ಬಂತು: ಕೆಟ್ಟ ಸೆಕ್ಟರುಗಳು ಸೊನ್ನೆ. ನಾಲ್ಕೂ ಡಿಸ್ಕುಗಳು ಆರೋಗ್ಯವಾಗಿವೆ.

ಆಗಲೂ ನನಗೆ ಪೂರ್ತಿ ಅರ್ಥವಾಗಲಿಲ್ಲ. ಚಾಚಾನನ್ನು ಕರೆದು, ಡಿಸ್ಕು ಕೆಟ್ಟಿತು, ಎಲ್ಲ ಹೋಯಿತು ಎಂದೆ. ಡಿಸ್ಕುಗಳ ಆರೋಗ್ಯದ ಫಲಿತಾಂಶ ಹೇಳಲಿಲ್ಲ. ಅವರು ಗಾದಿ ಹೊಡೆದ ಗೋಡೆಯ ಮೇಲೊಮ್ಮೆ ಕೈಯಾಡಿಸಿದರು. ಆಮೇಲೆ ಸ್ಲೇಟು ತೆಗೆದು ಬರೆದರು: "ಮಷಿನ್ ತಾನೇ. ನನ್ನ ಗಂಟಲೂ ಕೆಟ್ಟಿತು. ನೀವು ಬೇಜಾರು ಮಾಡ್ಕೋಬೇಡಿ." ಅದನ್ನು ಒರೆಸಿ ಮತ್ತೆ ಬರೆದರು: "ಎರಡು ಸಲ ಸಾಯೋ ಭಾಗ್ಯ ಎಲ್ಲರಿಗೂ ಸಿಗೋದಿಲ್ಲ." ನನ್ನನ್ನು ನಗಿಸಲು ನೋಡಿದರು, ಆ ಮನುಷ್ಯ. ನನ್ನ ಭುಜ ತಟ್ಟಿದರು.

ಹೊಟ್ಟೆಪಾಡು ನಿಲ್ಲುವುದಿಲ್ಲ. ಘೋಷಣೆಗಳು ಬರುತ್ತಲೇ ಇದ್ದವು. ಹೇಳಲು ಬೇರೆ ಯಾರೂ ಸಿಗದೆ ನಾನೇ ಹೇಳತೊಡಗಿದೆ. ನನ್ನದು ಮೂಗಿನ ದನಿ, ಉಸಿರು ಸಾಲುವುದಿಲ್ಲ. ಬರ್ರಿ ಎಂದರೆ ಮುಂಡಗೋಡದವರು ನಗುತ್ತಾರೆ. ಚಾಚಾ ಆ ಪೆನ್‌ಡ್ರೈವನ್ನು ತಮ್ಮ ರಿಕ್ಷಾಕ್ಕೆ ಸಿಕ್ಕಿಸಿ ನನ್ನ ದನಿಯನ್ನು ಹೇರಿಕೊಂಡು ತಿರುಗುತ್ತಾರೆ. ತುಟಿ ಆಡಿಸುವುದಿಲ್ಲ.

ಒಬ್ಬರ ಹತ್ತಿರವಾದರೂ ಅಳಿಸದ ಪೆನ್‌ಡ್ರೈವ್ ಉಳಿದಿರಬಹುದು ಎಂದು ಸಿದ್ದಾಪುರಕ್ಕೂ ಯಲ್ಲಾಪುರಕ್ಕೂ ಹೋಗಿ ಬಂದೆ. ಯಲ್ಲಾಪುರದ ಮೈಕ್‌ಸೆಟ್ಟಿನವರು ಡ್ರಾಯರ್ ತೆಗೆದು ತೋರಿಸಿದರು. ನಾನು ಸುತ್ತಿದ ರಬ್ಬರ್ ಬ್ಯಾಂಡ್ ಹಾಗೆಯೇ ಇತ್ತು. "ನೀವು ಕ್ಲೀನಾಗಿ ಕಳಿಸಿದ್ರಲ್ಲ, ಖುಷಿಯಾಯ್ತು. ಹಾಗೆ ಯಾರು ಕೊಡ್ತಾರೆ ಈಗ" ಎಂದರು. ಅವರು ಕುಹಕವಾಡಿದ್ದಲ್ಲ, ನಿಜವಾಗಿಯೂ ಹೊಗಳಿದ್ದು. ಬಸ್ಸಿನಲ್ಲಿ ವಾಪಸ್ ಬರುವಾಗ ಅವರನ್ನೂ ಬೈದೆ, ನನ್ನನ್ನೂ ಬೈದೆ.

ಕಳೆದ ಮಾಗಿಯಲ್ಲಿ ಸಿದ್ದಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರೊಬ್ಬರು ರಕ್ತದಾನದ ಶಿಬಿರದ ಘೋಷಣೆ ಮಾಡಿಸಲು ಬಂದರು. ಮೂಲೆಯಲ್ಲಿ ಬಿದ್ದಿದ್ದ ದೊಡ್ಡ ಡಿಸ್ಕು ನೋಡಿ ಇದೇಕೆ ಇಲ್ಲಿ ಎಂದು ಕೇಳಿದರು. ಆ ಹುಬ್ಬಳ್ಳಿಯವನನ್ನು ಬೈಯುವ ಅವಕಾಶ ಬಿಡಬಾರದೆಂದು ಎಲ್ಲ ಹೇಳಿದೆ. ಅವರು ಕೇಳುತ್ತ ಕೇಳುತ್ತ ಗಂಭೀರವಾದರು.

"ಡಿಸ್ಕ್ ಎಂತದೂ ಆಗಿರ್ಲಿಲ್ಲ, ಮಾರಾಯ್ರೆ. ಅಳತೆ ಬೆರೆಸಿದ್ದಕ್ಕೆ ಬಾಗಿಲು ತೆಗೀಲಿಲ್ಲ, ಅಷ್ಟೇ. ಹಳೇ ಅಳತೇದು ಇನ್ನೊಂದು ಡಿಸ್ಕ್ ತಂದು, ಹೊಸದರಲ್ಲಿದ್ದ ಪಾಲನ್ನ ಅದರ ಮೇಲೆ ಸರಿಸಿ, ಹೊಸದನ್ನ ಹೊರಗೆ ಹಾಕಿದ್ರೆ ಸಾಕಿತ್ತು. ಎಲ್ಲ ಇದ್ದಿದ್ದು ಇದ್ದ ಹಾಗೇ ತೆರೀತಿತ್ತು. ನೀವು ಅದರ ಮೇಲೆ ಬರೆಯೋ ಟೆಸ್ಟ್ ಯಾಕೆ ಹಾಕಿದ್ರಿ?" ಎಂದರು.

ಯಾಕೆ ಹಾಕಿದೆ. ನಾನು ಅವರ ಮೇಲೆ ರೇಗಿದೆ. ನಿಮಗೆ ಕಾಲೇಜಿನ ಲ್ಯಾಬು ಗೊತ್ತು, ದಂಧೆ ಗೊತ್ತಿಲ್ಲ ಎಂದೆ. ಅವರು ಪೆನ್‌ಡ್ರೈವ್ ತೆಗೆದುಕೊಂಡು ಹೋದರು.

ಅವರು ಹೋದ ಮೇಲೆ ಅಂಗಡಿಯ ಅರ್ಧ ಬಾಗಿಲು ಎಳೆದು ಪ್ರಯೋಗಕ್ಕೆ ಕೂತೆ. ಹಳೆಯ ಒಂದು ಡಿಸ್ಕಿನಲ್ಲಿ ಮೊದಲಿನ ಹಾಗೆಯೇ ಜಾಗ ಮಾಡಿ, ನನ್ನದೇ ಮೂಗಿನ ದನಿಯ ಹತ್ತು ಘೋಷಣೆ ಹಾಕಿದೆ. ದೊಡ್ಡ ಡಿಸ್ಕನ್ನು ಅದೇ ಒತ್ತಾಯದಿಂದ ಸೇರಿಸಿ ಸ್ವಲ್ಪ ಜಾಗ ಬೆಳೆಸಿದೆ. ನಡೆಯಿತು. ಯಂತ್ರ ಆರಿಸಿ ಮತ್ತೆ ಹಚ್ಚಿದೆ. ತೆರೆಯಲಿಲ್ಲ, ಅದೇ ಮಾತು. ಆಮೇಲೆ ಅವರು ಹೇಳಿದ ಹಾಗೆ ಇನ್ನೊಂದು ಹಳೆಯ ಡಿಸ್ಕನ್ನು ತಂದು ಪಾಲು ಸರಿಸಿ ದೊಡ್ಡದನ್ನು ಹೊರಗೆ ಹಾಕಿದೆ. ತೆರೆಯಿತು. ಹತ್ತಕ್ಕೆ ಹತ್ತೂ ಇದ್ದವು. ಒಂದನ್ನು ಒತ್ತಿದೆ, ನನ್ನ ದನಿ ನಾಳೆ ನೀರು ಬರುವುದಿಲ್ಲ ಎಂದಿತು. ನಾನು ಎದ್ದು ಪ್ಲಗ್ಗನ್ನೇ ಕಿತ್ತೆ.

ಹೆಂಡತಿಗೆ ಹೇಳಿದೆ. ಅವಳು "ಆನು ಆವತ್ತೇ ಹೇಳಿದ್ನಲಾ" ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. "ಚಾಚಾನಿಗೆ ಹೇಳಿದ್ರಾ?" ಎಂದು ಕೇಳಿದಳು ಅಷ್ಟೇ.

ಒಂದು ತಿಂಗಳು ಹೇಳಲಿಲ್ಲ. ಅವರು ದಿನಾ ಬರುತ್ತಿದ್ದರು, ಸ್ಲೇಟಿನಲ್ಲಿ ಪೇಟೆಯ ಸುದ್ದಿ ಬರೆಯುತ್ತಿದ್ದರು. ಯಾರ ಮದುವೆಯ ಹಾರ್ನು ಯಾರ ಮನೆಯ ಮುಂದೆ ಕೂಗಿತು, ನನ್ನ ಹೊಸ ಘೋಷಣೆಯಲ್ಲಿ ಎಲ್ಲಿ ಉಸಿರು ತಪ್ಪಿತು. "ಚಂದಗುಳಿ ಅನ್ನುವಾಗ ಗು ಎಳೀಬೇಕು" ಎಂದು ಕಲಿಸುತ್ತಿದ್ದರು. ಮಾತಿಲ್ಲದ ಮನುಷ್ಯ ನನ್ನ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಸ್ಲೇಟು ತುಂಬಿಸುತ್ತಿದ್ದರು. ಅದನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ. ಒಂದು ಬೆಳಿಗ್ಗೆ ಚಹಾ ಬಂದ ಮೇಲೆ ಎಲ್ಲ ಹೇಳಿದೆ. ಡಿಸ್ಕು ಕೆಟ್ಟಿರಲಿಲ್ಲ, ನಿಮ್ಮ ದನಿ ಎಲ್ಲ ಅದರೊಳಗೆ ಹಾಗೇ ಇತ್ತು, ನಾನೇ ಅದರ ಮೇಲೆ ಬರೆಸಿ ಅಳಿಸಿದೆ ಎಂದೆ.

ಅವರು ಲೋಟ ಕೆಳಗಿಟ್ಟರು. ಸ್ಲೇಟಿನ ಮೇಲೆ ಬರೆದರು: "ಸೇರಿಸುವಾಗ ಮಷಿನ್ ಬೇಡ ಅಂದಿತ್ತಾ?"

"ಅಂದಿತ್ತು."

"ನೀವು ಓದಿದ್ರಾ?"

"ಓದಿದ್ದೆ, ಚಾಚಾ."

ಅವರು ಸ್ಲೇಟನ್ನು ಅಂಗಿಯ ತೋಳಿನಿಂದ ಒರೆಸಿದರು. ಎರಡೂ ಬದಿ ಒರೆಸಿದರು, ಹಿಂದಿನ ಬದಿಯಲ್ಲಿ ಏನೂ ಬರೆದಿರಲಿಲ್ಲ. ಬಳಪವನ್ನು ಕಿಸೆಗೆ ಹಾಕಿಕೊಂಡು ಎದ್ದರು. ಬೈಯಲಿ, ಲೋಟ ಎಸೆಯಲಿ ಎಂದು ಕಾದೆ. ಪೆನ್‌ಡ್ರೈವ್ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ನನ್ನ ದನಿ ಓಣಿಯ ತುದಿಯಲ್ಲಿ ಶುರುವಾಗಿ ದೂರವಾಯಿತು.

ಈಗಲೂ ಬರುತ್ತಾರೆ. ನಮ್ಮಿಬ್ಬರಿಗೂ ಬೇರೆ ದಾರಿ ಇಲ್ಲ. ಬಂದು ಬಾಗಿಲಲ್ಲೇ ನಿಂತು ಕೈ ಚಾಚುತ್ತಾರೆ, ನಾನು ಪೆನ್‌ಡ್ರೈವ್ ಇಡುತ್ತೇನೆ. ಚಹಾ ತರಲೇ ಎಂದರೆ ತಲೆ ಅಲ್ಲಾಡಿಸುತ್ತಾರೆ. ಗು ಎಳೆದೆನೋ ಇಲ್ಲವೋ ಹೇಳುವವರಿಲ್ಲ. ಚಹಾದಂಗಡಿಯವರು ಮೊನ್ನೆ ಹೇಳಿದರು, ಚಾಚಾ ನಮ್ಮಲ್ಲಿ ಬಂದ್ರೆ ಸ್ಲೇಟು ತುಂಬಾ ಬರೆದು ಎಲ್ಲರನ್ನೂ ನಗಿಸಿ ಹೋಗ್ತಾರೆ ಎಂದು. ಅವರು ನನ್ನ ಬಾಗಿಲಲ್ಲಿ ನಿಂತಾಗ ಆ ಸ್ಲೇಟು ನನಗೂ ಕಾಣಿಸುತ್ತದೆ. ರಿಕ್ಷಾದ ಸೀಟಿನ ಮೇಲೆ ಬಿಟ್ಟು ಬಂದಿರುತ್ತಾರೆ.